ಮಗ್ಗ ತುಳಿಯದವನ ಹಿಮ್ಮಡಿ

ಆ ದಿನ ಅಣ್ಣ ಪಕ್ಕದೂರು ಪರಿಗಿಗೆ ಆಟೋದಲ್ಲಿ ಜನರನ್ನು ಬಿಟ್ಟು, ಹಿಂದೂಪುರದ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಮುದ್ದೆ ಮುಗಿಸಿ ಹೊಸಿಲ ಮೇಲೆ ಕೂತು ಹೊಸ ಚಪ್ಪಲಿಯ ಹಿಂಬದಿಯ ಪಟ್ಟಿಯನ್ನು ಬ್ಲೇಡಿನಿಂದ ಕತ್ತರಿಸುತ್ತಿದ್ದ. ಹಿಮ್ಮಡಿಯ ಮೇಲಿದ್ದ ಗಂಟಿಗೆ ಅದು ಒತ್ತುತ್ತಿತ್ತು.

ಅಮ್ಮ ನಕ್ಕಳು. “ನಿಮ್ಮಪ್ಪ ಮಗ್ಗ ತುಳಿದೂ ತುಳಿದೂ ಗಂಟು ಬರಿಸ್ಕೊಂಡ. ನೀನು ಒಂದಿನಾನೂ ಮಗ್ಗದ ಗುಂಡಿಗೆ ಇಳೀಲಿಲ್ಲ, ನಿಂಗ್ಯಾಕ್ಲಾ?”

“ಅಪ್ಪ ತುಳಿದಿದ್ದೇ ನಂಗೂ ಬಂದ್ಬುಟ್ಟೈತೆ ಬಿಡಮ್ಮ.”

ಮರುದಿನ ಬೆಳಿಗ್ಗೆ ಆಟೋ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ತಲುಪಲಿಲ್ಲ. ಅವನಿಗೆ ನಲವತ್ತೊಂದು. ಅಪ್ಪ ಹೋದದ್ದೂ ಹೀಗೆಯೇ, ನಲವತ್ನಾಲ್ಕಕ್ಕೆ. ಬಂದವರೆಲ್ಲ ಹಣೆಬರಹ ಎಂದರು. ನಾನೂ ತಲೆಯಾಡಿಸಿದೆ.

ತಿಥಿ ಕಳೆದ ಮೇಲೆ ತಲೆಸುತ್ತೆಂದು ಡಾಕ್ಟರಮ್ಮನ ಹತ್ತಿರ ಹೋದೆ. ಅವರು ನನ್ನ ಬೆರಳ ಗೆಣ್ಣುಗಳ ಮೇಲಿದ್ದ ಗಂಟುಗಳನ್ನು ಮುಟ್ಟಿ ನೋಡಿ, ಈ ಗಂಟು ಮನೆಯಲ್ಲಿ ಇನ್ಯಾರಿಗಿದೆ ಎಂದು ಕೇಳಿದರು. ಅಪ್ಪನಿಗೂ ಅಣ್ಣನಿಗೂ ಹಿಮ್ಮಡಿಯಲ್ಲಿತ್ತು, ಮಗ್ಗದ ಗಂಟು ಎಂದೆ. ಅಲ್ಲ, ಕೊಲೆಸ್ಟರಾಲ್ ಎಂಬ ಕೊಬ್ಬು ಕಟ್ಟಿದ್ದು ಎಂದರು. ತೆಲುಗಿನಲ್ಲಿ ಬಿಡಿಸಿ ಹೇಳಿದರು. ಹೃದಯದ ಕಾಯಿಲೆಗೆ ಊಟ, ಬೀಡಿ, ವಯಸ್ಸು ಎಲ್ಲವೂ ಸೇರುತ್ತವೆ. ಹುಟ್ಟಿನಿಂದ ಬಂದ ಸಣ್ಣಪುಟ್ಟ ವ್ಯತ್ಯಾಸಗಳೂ ಒಬ್ಬರಿಗೆ ಅಪಾಯ ಹೆಚ್ಚಿಸುತ್ತವೆ, ಒಬ್ಬರಿಗೆ ಇಳಿಸುತ್ತವೆ. ನಮ್ಮ ಮನೆಯದು ಸಣ್ಣದಲ್ಲ. ರಕ್ತದಿಂದ ಆ ಕೊಬ್ಬನ್ನು ತೆಗೆದುಹಾಕುವ ಜೀನ್ ಒಂದರಲ್ಲೇ ದೋಷವಿರಬೇಕು. ಅದಿರುವವರ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ರಕ್ತ ಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ, ಮಾತ್ರೆ ಇದೆ.

ಮಾತ್ರೆ ಇದೆ ಎಂಬ ಮಾತು ಕೇಳಿ ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಅಷ್ಟು ವರ್ಷ ಕಣ್ಣೆದುರಿಗಿದ್ದ ಗಂಟನ್ನು ನೋಡಿ ನಾವು ತಮಾಷೆ ಮಾಡಿದ್ದೆವು.

ಕಲ್ಯಾಣದುರ್ಗದಲ್ಲಿ ಅಪ್ಪನ ತಂಗಿ ಇದ್ದಾರೆ. ಅವರ ಕಾಲಿನಲ್ಲೂ ಅದೇ ಗಂಟು. ಮೂವರು ಮಕ್ಕಳು. ಬಸ್ಸು ಹತ್ತಿ ಹೋಗಿ ಎಲ್ಲರೂ ರಕ್ತ ಕೊಡಿ ಎಂದೆ. ಅತ್ತೆ ಬಾಗಿಲು ಮುಂದೆ ಮಾಡಿದರು.

“ಮೊಮ್ಮಗಳಿಗೆ ಸಂಬಂಧ ನೋಡ್ತಾ ಇದೀವಿ ಕಣಮ್ಮ. ವಂಶದಾಗೇ ಐತೆ ಅಂತ ಗೊತ್ತಾದ್ರೆ ಯಾರು ಬತ್ತಾರೆ? ಬಾಯಿ ಮುಚ್ಕೊಂಡಿರು.”

“ಮುಚ್ಕೊಂಡೇ ಇಬ್ಬರನ್ನ ಮಣ್ಣು ಮಾಡಿದ್ವಿ. ನಾನಿನ್ನು ಮುಚ್ಚಲ್ಲ ಅತ್ತೆ.”

ಊಟಕ್ಕೂ ಕರೆಯಲಿಲ್ಲ. ಕರೆದಿದ್ದರೂ ಕೂರುತ್ತಿರಲಿಲ್ಲ.

ಹಿಂದೂಪುರಕ್ಕೆ ಬಂದ ಮರುದಿನವೇ ಅಣ್ಣನ ಮಗಳನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ. ಅವಳಿಗೆ ಹದಿಮೂರು. ಅತ್ತಿಗೆ ಬೇಡ ಎನ್ನಲಿಲ್ಲ, ತಾನೇ ಜಡೆ ಹಾಕಿ ಕಳಿಸಿದಳು. ನನ್ನಂತೆ ಹುಡುಗಿಗೂ ಇದೆ. ಈಗ ಡಾಕ್ಟರಮ್ಮ ಹೇಳಿದಂತೆ ಅವಳೂ ನಾನೂ ಮಾತ್ರೆ ನುಂಗುತ್ತೇವೆ. ಅವಳ ಮದುವೆ ಮಾತು ಬಂದಾಗ ಮೊದಲು ಇದನ್ನೇ ಹೇಳುತ್ತೇನೆ. ಎದ್ದು ಹೋಗುವವರು ಹೋಗಲಿ.

ಅತ್ತೆಗೆ ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಇಟ್ಟುಬಿಡುತ್ತಾರೆ, ಮತ್ತೆ ಮಾಡುತ್ತೇನೆ. ಅವರ ಮೂವರು ಮಕ್ಕಳಲ್ಲಿ ಒಬ್ಬರೂ ಇನ್ನೂ ರಕ್ತ ಕೊಟ್ಟಿಲ್ಲ.