ಉಪ್ಪಿಟ್ಟು ಬಂದ ಮೇಲಿನ ಮಾತು

ನಮ್ಮ ರಸ್ತೆಯ ನಿವಾಸಿಗಳ ಸಂಘದಲ್ಲಿ ಎಲ್ಲಿಯೂ ಬರೆದಿಡದ ಒಂದು ನಿಯಮವಿದೆ. ತಿಂಡಿಯ ತಟ್ಟೆ ಕೈಗೆ ಬಂತೆಂದರೆ ಸಭೆ ಮುಗಿಯಿತು. ಆಮೇಲೆ ಯಾರು ಏನೇ ಹೇಳಲಿ, ಅದು ನಡಾವಳಿಗೆ ಸೇರುವುದಿಲ್ಲ. ಈ ನಿಯಮ ಯಾರು ಮಾಡಿದರೋ ಗೊತ್ತಿಲ್ಲ, ತಿಂಡಿ ಮಾಡುವವರಂತೂ ಅಲ್ಲ. ಏಕೆಂದರೆ ನಮ್ಮಲ್ಲಿ ಹೆಂಗಸರು ಬಾಯಿ ಬಿಡುವುದೇ ತಟ್ಟೆ ಹಂಚಿದ ಮೇಲೆ. ಅಲ್ಲಿಯವರೆಗೆ ಅವರು ಅಡುಗೆಮನೆಯಲ್ಲಿ ಇರುತ್ತಾರೆ.

ಬನಶಂಕರಿ ಮೂರನೇ ಹಂತದ ಈ ರಸ್ತೆಯಲ್ಲಿ ನಾನಿರುವುದು ದೊಡ್ಡಮ್ಮನ ಮನೆಯಲ್ಲಿ. ರಸ್ತೆಯ ಕೊನೆಗೆ ಒಂದು ಗೋಡೆ, ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಅಗಲದ ಕಬ್ಬಿಣದ ಗೇಟು, ಆಚೆಗೆ ಇಟ್ಟಮಡು. ದಿನಾ ಬೆಳಿಗ್ಗೆ ದೊಡ್ಡಮ್ಮ ದಿನಪತ್ರಿಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆ ಗೇಟು ದಾಟಿ ಗೆಳತಿಯ ಮನೆಗೆ ಹೋಗುತ್ತಾಳೆ. ಇಬ್ಬರೂ ಒಂದೇ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಗೆಳತಿಗೆ ಈಗ ಕಣ್ಣು ಕಾಣುವುದಿಲ್ಲ. ದೊಡ್ಡಮ್ಮ ಪೇಪರ್ ಓದುತ್ತಾಳೆ, ಇಬ್ಬರೂ ಸೇರಿ ಅದರಲ್ಲಿರುವ ಎಲ್ಲರನ್ನೂ ಬೈಯುತ್ತಾರೆ. ಗೇಟು ಇಲ್ಲವಾದರೆ ಮುಖ್ಯರಸ್ತೆ ಬಳಸಿ, ಬಸ್ಸು ಬೈಕುಗಳ ನಡುವೆ ದಾಟಿ ಹೋಗಬೇಕು. ದೊಡ್ಡಮ್ಮನ ಮಂಡಿಗೆ ಅದು ಆಗದ ಮಾತು. ಅಷ್ಟು ಹತ್ತಿರಕ್ಕೆ ಯಾವ ಆಟೋದವನೂ ಬರುವುದಿಲ್ಲ.

ಆ ಗೇಟಿಗೇ ಬೀಗ ಹಾಕಬೇಕೆಂದು ಸಂಘದ ಅಧ್ಯಕ್ಷರು ಸಭೆ ಕರೆದರು. ಅಪರಿಚಿತರು ಓಡಾಡುತ್ತಾರಂತೆ. ಅವರು ಇಟ್ಟಮಡು ಎಂದು ಹೆಸರು ಹಿಡಿದು ಹೇಳುವುದಿಲ್ಲ, 'ಆ ಕಡೆಯವರು' ಎನ್ನುತ್ತಾರೆ. ನಾನು ಆ ಸಭೆಗೆ ಹೋಗಿರಲಿಲ್ಲ, ಅವತ್ತು ಕಚೇರಿಯಿತ್ತು. ಜೆ.ಪಿ. ನಗರದ ಒಂದು ಕಂಪನಿಯಲ್ಲಿ ಧ್ವನಿಯನ್ನು ಬರಹಕ್ಕೆ ಇಳಿಸುವುದು ನನ್ನ ಕೆಲಸ. ತಂತ್ರಾಂಶ ಮೊದಲು ತನಗೆ ತಿಳಿದಂತೆ ಬರೆಯುತ್ತದೆ, ನಾವು ಕೇಳಿಸಿಕೊಂಡು ತಿದ್ದುತ್ತೇವೆ. ಅದು ಗೊತ್ತಿದ್ದರಿಂದ ಸಂಘದ ಕಾರ್ಯದರ್ಶಿ ಅಂಕಲ್ ಸಭೆಯ ರೆಕಾರ್ಡಿಂಗನ್ನು ನನಗೆ ಕಳಿಸಿ, ನಡಾವಳಿ ಮಾಡಿಕೊಡಮ್ಮ ಎಂದರು. ಫೋನನ್ನು ಟೀಪಾಯಿಯ ಮೇಲಿಟ್ಟು ನಿಲ್ಲಿಸುವುದನ್ನೇ ಮರೆತಿದ್ದರು. ಹಾಗಾಗಿ ತಿಂಡಿಯೂ ರೆಕಾರ್ಡ್ ಆಗಿತ್ತು.

ನನ್ನ ಸ್ವಂತ ಖಾತೆಯಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಹಾಕಿದೆ. ಪ್ರಾಜೆಕ್ಟ್ ಎಂದರೆ ಮೇಲೆ ಧ್ವನಿ, ಕೆಳಗೆ ಬರಹ. ಯಾವ ಪದವನ್ನು ಒತ್ತಿದರೂ ಅಲ್ಲಿಂದಲೇ ದನಿ ಕೇಳುತ್ತದೆ. ತಂತ್ರಾಂಶವು ಗಂಡಸರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಕೊಟ್ಟಿತ್ತು. ಪಾತ್ರೆಗಳ ಸದ್ದಿನ ನಡುವೆ ಮಾತಾಡಿದ ಹೆಂಗಸರನ್ನು ಮಾತ್ರ ಒಂದೇ ಸಂಖ್ಯೆಯ ಕೆಳಗೆ ಗುಡ್ಡೆ ಹಾಕಿತ್ತು. ಯಂತ್ರಕ್ಕೆ ಪಕ್ಷಪಾತವಿಲ್ಲ ಎನ್ನುವವರನ್ನು ಒಂದು ಮಧ್ಯಾಹ್ನ ನನ್ನ ಪಕ್ಕ ಕೂರಿಸಬೇಕು. ಒಂದೊಂದೇ ದನಿಯನ್ನು ಗುರುತು ಹಿಡಿದು ಬಿಡಿಸುತ್ತಾ ಬಂದೆ. ಒಂದು ದನಿ ದೊಡ್ಡಮ್ಮನದು.

"ಗೇಟ್ ಮುಚ್ಚಿದ್ರೆ ನಾನು ಅವಳನ್ನ ನೋಡೋ ಹಾಗೇ ಇಲ್ಲ. ಅವಳು ಕಾಯ್ತಾ ಇರ್ತಾಳೆ ರೀ."

ಅದಕ್ಕೆ ಅಧ್ಯಕ್ಷರ ಉತ್ತರ: "ಆಯ್ತಮ್ಮ, ಚಟ್ನಿ ಹಾಕಿಸ್ಕೊಳಿ."

ಮನೆಗೆ ಬಂದ ದೊಡ್ಡಮ್ಮ ಇದನ್ನು ನನಗೆ ಹೇಳಿರಲಿಲ್ಲ. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿತ್ತು ಎಂದಷ್ಟೇ ಹೇಳಿದ್ದಳು.

ಇಡೀ ಸಭೆಯ ಬರಹವನ್ನು ವರ್ಡ್ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ ಕಾರ್ಯದರ್ಶಿಗೆ ಕಳಿಸಿದೆ. ಮನೆ ಬಾಗಿಲಿಗೆ ಬಂದದ್ದು ಅಧ್ಯಕ್ಷರು. ಕೆಲಸ ಚೆನ್ನಾಗಿದೆ ಎಂದು ಮೊದಲು ಹೊಗಳಿದರು. ಕೂತು ಕಾಫಿ ಮುಗಿಸಿದ ಮೇಲೆ ವಿಷಯಕ್ಕೆ ಬಂದರು.

"ನಿರ್ಣಯ ಪಾಸ್ ಆಯ್ತು ಅನ್ನೋವರೆಗೂ ಇಟ್ಕೋ ಪುಟ್ಟ. ಆಮೇಲಿಂದೆಲ್ಲ ತಿಂಡಿ ಮಾತು."

"ವಂದನಾರ್ಪಣೆ ಯಾವಾಗಾಯ್ತು ಅಂಕಲ್?"

"ಕೊನೇಲಿ. ಯಾಕೆ?"

"ತಿಂಡಿ ಆದ್ಮೇಲೆ. ಉಪ್ಪಿಟ್ಟು ಚೆನ್ನಾಗಿತ್ತು ಅಂತ ನೀವೇ ಅದ್ರಲ್ಲಿ ಹೇಳಿದೀರಿ. ಸಭೆ ಅಷ್ಟೊತ್ತಿಗೇ ಮುಗಿದುಹೋಗಿದ್ರೆ ನೀವು ವಂದನೆ ಹೇಳಿದ್ದು ಯಾವ ಸಭೆಗೆ?"

ಅವರು ನಕ್ಕರು. "ಇದು ನಿಮ್ಮ ಕಾಲೇಜ್ ಡಿಬೇಟ್ ಅಲ್ಲಮ್ಮ."

"ಅಲ್ಲ ಅಂಕಲ್. ಅಲ್ಲಿ ಎದುರು ಪಕ್ಷದವರು ಬಾಯಿ ತೆಗೆದಾಗ ತಟ್ಟೆ ಕೊಟ್ಟು ಕೂರಿಸಲ್ಲ."

ಒಳಗಿನಿಂದ ದೊಡ್ಡಮ್ಮ ಕೆಮ್ಮಿದಳು. ಅದು ಸಾಕು ಎಂಬ ಕೆಮ್ಮು. ಅಧ್ಯಕ್ಷರು ಎದ್ದು ಹೋದರು. ಮಾರನೆಯ ದಿನ ಸಂಘದ ವಾಟ್ಸಾಪ್ ಗುಂಪಿನಲ್ಲಿ ನಾನು ಮಾಡಿದ್ದ ಕಡತವೇ ಅರ್ಧಕ್ಕೆ ನಿಂತು ಪ್ರತ್ಯಕ್ಷವಾಯಿತು. ಕೊನೆಯಲ್ಲಿ 'ಸರ್ವಾನುಮತದಿಂದ' ಎಂಬ ಹೊಸ ಪದವೊಂದು ಸೇರಿತ್ತು. ಬೀಗ ತರುವ ದಿನವೂ ಗೊತ್ತಾಗಿತ್ತು. ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು ಎಂದು ಬದಲಾಯಿಸಿದ್ದರು.

ಇದು ನನ್ನ ಕಸುಬಿನಲ್ಲಿ ನಾನು ಮೊದಲೇ ತಿಳಿದಿರಬೇಕಾಗಿದ್ದ ವಿಷಯ. ಬರಿ ಬರಹವನ್ನು ಕತ್ತರಿಸಿದರೆ ಗಾಯ ಕಾಣುವುದಿಲ್ಲ. ಪ್ರಾಜೆಕ್ಟನ್ನೇ ಹಂಚಿಕೊಂಡರೆ ಆ ಆಟ ನಡೆಯುವುದಿಲ್ಲ. ಲಿಂಕ್ ಕೊಡಬಹುದು, ನೋಡಬಹುದು ಕೇಳಬಹುದು ಆದರೆ ತಿದ್ದಲಾಗದು ಎಂಬ ಅನುಮತಿಯನ್ನಷ್ಟೇ ಕೊಡಬಹುದು. 'ಸರ್ವಾನುಮತ' ಎಂದವರು ದೊಡ್ಡಮ್ಮನ ದನಿಯನ್ನು ಒತ್ತಿ ಕೇಳಲಿ. ರಸ್ತೆಯ ಪ್ರತಿ ಮನೆಗೂ ಲಿಂಕ್ ಕಳಿಸುತ್ತೇನೆ ಎಂದು ದೊಡ್ಡಮ್ಮನಿಗೆ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

ಅವಳು ಹುರುಳಿಕಾಯಿ ಮುರಿಯುತ್ತಿದ್ದಳು. ತಲೆ ಎತ್ತಲಿಲ್ಲ. ಅದೇ ತಿಂಡಿಯ ಹೊತ್ತಿನಲ್ಲಿ ಎದುರು ಮನೆಯಾಕೆ ಸೊಸೆಯ ಬಗ್ಗೆ ಏನೇನೋ ಅಂದಿದ್ದಾಳಲ್ಲ, ಅದೂ ಹೋಗುತ್ತಾ ಎಂದು ಕೇಳಿದಳು. ಹೋಗುತ್ತೆ, ಅದೂ ಸಭೆಯೇ ಎಂದೆ.

"ನೀನೂ ಕೇಳ್ದೇ ಹಾಕ್ತೀಯ, ಅವ್ರೂ ಕೇಳ್ದೇ ತೆಗೀತಾರೆ. ಏನೇ ವ್ಯತ್ಯಾಸ?"

ಕಾಲೇಜಿನ ಡಿಬೇಟಿನಲ್ಲಿ ಇಂಥ ಹೊತ್ತು ಬಂದರೆ ಎದುರಾಳಿಯ ಒಂದು ಪದ ಹಿಡಿದು ಅದರ ಅರ್ಥವೇನೆಂದು ಕೇಳಿ ಸಮಯ ತಳ್ಳುವುದು ನಾವು ಕಲಿತ ಉಪಾಯ. ನೆಪ ಹೇಳುವ ಮಕ್ಕಳನ್ನೇ ನೋಡಿ ನಿವೃತ್ತಳಾದವಳ ಮುಂದೆ ಅದು ನಡೆಯುವುದಿಲ್ಲ. ವ್ಯತ್ಯಾಸ ಹುಡುಕಿದೆ, ಸಿಗಲಿಲ್ಲ. ಸಿಟ್ಟು ಬಂತು. ಅಧ್ಯಕ್ಷರ ಎದುರು ಸೋಲುವುದಕ್ಕಂತೂ ನಾನು ತಯಾರಿರಲಿಲ್ಲ. ವ್ಯತ್ಯಾಸ ಇಲ್ಲದಿದ್ದರೆ ಮಾಡಬೇಕು, ಅಷ್ಟೆ ತಾನೆ?

ಭಾನುವಾರ ಲ್ಯಾಪ್‌ಟಾಪ್ ಹಿಡಿದು ಮನೆಮನೆಗೆ ಹೊರಟೆ. ಒಬ್ಬೊಬ್ಬರಿಗೂ ಅವರವರ ಮಾತನ್ನಷ್ಟೇ ಕೇಳಿಸಿ, ಇದನ್ನು ಎಲ್ಲರಿಗೂ ಕಳಿಸಬಹುದೇ ಎಂದು ಕೇಳುವುದು. ದೊಡ್ಡಮ್ಮನನ್ನು ಹೊರಡುವ ಮೊದಲೇ ಕೇಳಿದ್ದೆ, ನನ್ನದು ಇರಲಿ ಎಂದಿದ್ದಳು. ಮೂಲೆ ಮನೆಯ ಆಂಟಿ ತನ್ನ ದನಿ ಕೇಳಿ, ತಗಡು ಬಡಿದ ಹಾಗಿದೆಯಲ್ಲೇ ಎಂದು ಬೇಸರಪಟ್ಟುಕೊಂಡು, ಇನ್ನೊಮ್ಮೆ ಹಾಕು ಎಂದರು. ಎದುರು ಮನೆಯಲ್ಲಿ ಬಾಗಿಲು ತೆರೆದದ್ದೇ ಸೊಸೆ. ನಾನು ಆಮೇಲೆ ಬರ್ತೀನಿ ಎಂದು ನೆಪ ಹೇಳಿ ವಾಪಸು ಬಂದು, ಅತ್ತೆ ತರಕಾರಿ ಗಾಡಿಯ ಹತ್ತಿರ ಸಿಕ್ಕಾಗ ಕೇಳಿದೆ. ಸೊಸೆಯ ಭಾಗ ತೆಗೆ, ಗೇಟಿನ ಭಾಗ ಇರಲಿ ಎಂದರು. ಮಹಡಿ ಮೇಲೆ ಬಾಡಿಗೆಗಿರುವ, ಧಾರವಾಡದ ಕಡೆಯ ಅಕ್ಕ ಪೂರ್ತಿ ಕೇಳುವ ಗೋಜಿಗೇ ಹೋಗಲಿಲ್ಲ. "ನಾ ಅಂದದ್ದು ಅಂದೇನ್ರಿ. ಒಂದ್ ಅಕ್ಷರಾನೂ ತೆಗೀಬ್ಯಾಡ್ರಿ."

ಕಷ್ಟವಾದದ್ದು ಒಂದೇ ಕಡೆ. ಇಡೀ ಸಭೆಯಲ್ಲಿ ಅತ್ಯಂತ ಚೂಪಾದ ಮಾತು ಅಧ್ಯಕ್ಷರ ಹೆಂಡತಿಯದು. ಬೀಗ ಹಾಕಿದರೆ ನಮ್ಮ ಮನೆ ಕೆಲಸದವಳು ಯಾವ ಕಡೆಯಿಂದ ಬರಬೇಕು, ಅವಳೂ ಆ ಕಡೆಯವಳೇ ಅಲ್ಲವೇ ಎಂದು ಆಕೆ ಕೇಳಿದ್ದರು. ಅದೊಂದೇ ಸಾಕಿತ್ತು, ಎದುರು ವಾದ ಅಲ್ಲಿಗೆ ಮುಗಿಯುತ್ತಿತ್ತು. ಆಕೆ ಕೇಳಿಸಿಕೊಂಡರು. ಗಂಡ ಕೂತಿದ್ದ ಹಜಾರದ ಕಡೆ ಒಮ್ಮೆ ನೋಡಿ, ನನ್ನದು ತೆಗೆದುಬಿಡಮ್ಮ ಎಂದರು. ನಾನು ಅರ್ಧ ನಿಮಿಷ ವಾದಿಸಿದೆ. ತೆಗಿ ಅಂದ್ನಲ್ಲ ಎಂದರು. ದನಿ, ಬರಹ ಎರಡನ್ನೂ ಅವರೆದುರೇ ತೆಗೆದೆ. ಆದರೆ ಖಾಲಿ ಬಿಡಲಿಲ್ಲ. ಇಲ್ಲಿ ಒಬ್ಬರ ಮಾತನ್ನು ಅವರ ಕೋರಿಕೆಯಂತೆ ತೆಗೆದಿದೆ ಎಂದು ಬರೆದೆ. ಕತ್ತರಿಸಿದ ಕಡೆ ಗಾಯ ಕಾಣಲಿ.

ಲಿಂಕನ್ನು ಆ ಹೆಂಗಸರಿಗೇ ಕಳಿಸಿದೆ. ಅವರು ಗಂಡಂದಿರಿಗೆ, ಮಕ್ಕಳಿಗೆ, ಪಕ್ಕದವರಿಗೆ ದಾಟಿಸಿದರು. ಗುಂಪಿನ ಬೀಗ ಹಾಗೇ ಇತ್ತು, ಮಾತು ಅದರ ಪಕ್ಕದಿಂದ ಹೋಯಿತು. ನನ್ನ ಮೇಲೆ ದೂರು ಬಂತು. ಅನುಮತಿಯಿಲ್ಲದೆ ಸಂಘದ ವಿಷಯ ಹಂಚಿದ್ದಾಳೆ ಎಂದು. ನೀವು ಕತ್ತರಿಸಿದ ಮಾತಿನ ಹೆಂಗಸರೆಲ್ಲರ ಅನುಮತಿಯೂ ಇದೆ, ನಿಮ್ಮ ದನಿ ಬೇಡವೆಂದರೆ ಹೇಳಿ, 'ಚಟ್ನಿ ಹಾಕಿಸ್ಕೊಳಿ' ತೆಗೆಯುತ್ತೇನೆ ಎಂದು ಅಧ್ಯಕ್ಷರಿಗೆ ಬರೆದೆ. ಉತ್ತರ ಬರಲಿಲ್ಲ. ಬೀಗವೂ ಬರಲಿಲ್ಲ. ಇನ್ನೊಂದು ಸಭೆ ಕರೆದರು, ಅಧ್ಯಕ್ಷರ ಮನೆಯಲ್ಲೇ.

ಆ ಸಭೆಗೆ ನಾನೂ ಹೋದೆ, ಫೋನು ಟೀಪಾಯಿಯ ಮೇಲಿಟ್ಟು ಎಲ್ಲರಿಗೂ ಹೇಳಿಯೇ ರೆಕಾರ್ಡ್ ಒತ್ತಿದೆ. ಅಧ್ಯಕ್ಷರು ಭದ್ರತೆಯ ಬಗ್ಗೆ ಮಾತಾಡಿದರು. ಮುಗಿಸುವ ಹೊತ್ತಿಗೆ ಅಡುಗೆಮನೆಯ ಕಡೆ ತಿರುಗಿ, ತಿಂಡಿ ತರ್ತೀರಾ ಎಂದು ಕೇಳಿದರು. ಒಗ್ಗರಣೆಯ ವಾಸನೆ ಬಂದು ಬಹಳ ಹೊತ್ತಾಗಿತ್ತು. ಯಾರೂ ಬರಲಿಲ್ಲ. ಎರಡನೇ ಸಲ ಕರೆದರು. ಆಗ ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು, ಅವರ ಹಿಂದೆ ಉಳಿದ ಹೆಂಗಸರೂ.

"ಉಪ್ಪಿಟ್ಟು ರೆಡಿ ಇದೆ. ಮೊದ್ಲು ಗೇಟಿನ ವಿಷ್ಯ ಮುಗೀಲಿ. ನಮ್ಮನೆ ಕೆಲಸದವಳು ಯಾವ ಕಡೆಯಿಂದ ಬರ್ಬೇಕು, ಅದನ್ನ ಹೇಳಿ."

ನಾನು ತೆಗೆದುಹಾಕಿದ್ದ ಮಾತು, ತಟ್ಟೆ ಬರುವ ಮೊದಲೇ.

ಹಗಲು ಗೇಟು ತೆರೆದಿರಬೇಕು, ರಾತ್ರಿ ಚಿಲಕ ಹಾಕಬೇಕು ಎಂದು ತೀರ್ಮಾನವಾಯಿತು. ಚಿಲಕವೂ ಬೇಡವೆಂದು ನಾನು ಹೇಳಿದೆ, ಸೋತೆ. ನನ್ನ ಅಸಮ್ಮತಿಯನ್ನು ನಡಾವಳಿಯಲ್ಲಿ ನಾನೇ ದಾಖಲಿಸಿದೆ. ಚಿಕ್ಕದಾಗಿ ಮಾಡು ಎಂದು ಕಾರ್ಯದರ್ಶಿ ಅಂಕಲ್ ಅಂದಿದ್ದರು. ಮಾಡಲಿಲ್ಲ. ತಟ್ಟೆ ತೊಳೆಯುವ ಸದ್ದಿನವರೆಗೂ ಇದೆ.

ಬೆಳಿಗ್ಗೆ ದೊಡ್ಡಮ್ಮ ಪೇಪರ್ ಕಂಕುಳಲ್ಲಿಟ್ಟು ಹೊರಟವಳು, ಸಭೆಯದೊಂದು ಪ್ರಿಂಟ್ ಕೊಡು, ಅವಳಿಗೆ ಓದಿ ಹೇಳಬೇಕು ಎಂದಳು. ಓದುವುದೇನು, ಕೇಳಿಸು ಎಂದು ಎರಡೂ ಸಭೆಗಳ ಲಿಂಕ್‌ಗಳನ್ನು ಅವಳ ಫೋನಿಗೆ ಹಾಕಿಕೊಟ್ಟೆ. ಮಧ್ಯಾಹ್ನ ಗೇಟು ದಾಟಿ ಬಂದಳು. 'ಅವಳು ಕಾಯ್ತಾ ಇರ್ತಾಳೆ' ಎಂಬಲ್ಲಿ ಗೆಳತಿ ಮತ್ತೆ ಹಾಕು ಎಂದಳಂತೆ. ಮತ್ತೆ ಹಾಕಿದ ಮೇಲೆ ಒಂದೇ ಪ್ರಶ್ನೆ ಕೇಳಿದಳಂತೆ.

"ಆ ಚಟ್ನಿ ಅಂದೋನು ಯಾರೇ? ನಮ್ಮ ಶಾಲೇಲಿ ಓದಿದೋನಲ್ಲ ತಾನೆ?"