ಗಾಳಿಗೆ ಅಡ್ಡ ಬಂದವರು

ಸಿಂದಗಿಯ ಬಸ್ ನಿಲ್ದಾಣದ ಎದುರು ಲಗ್ನಪತ್ರಿಕೆ ಟೈಪು ಮಾಡಿಕೊಡುತ್ತಿದ್ದ ಆ ಕಂಪ್ಯೂಟರಿನವನು ಗಿರಾಕಿಗಳ ಮುಖ ನೋಡಿದ್ದೇ ಕಡಿಮೆ. ಪತ್ರಿಕೆಯ ತಲೆಗೆ ಹಾಕುವ ಗಣಪತಿಯ ಚಿತ್ರ ತೆರೆಯಲು ಹಳೆಯ ಯಂತ್ರ ತಡಮಾಡುತ್ತದೆಂದು ಪ್ರೊಸೆಸರಿನ ವೇಗವನ್ನು ಕಂಪನಿ ಗೊತ್ತುಪಡಿಸಿದ್ದಕ್ಕಿಂತ ಏರಿಸಿದ್ದನು. ಅದು ಬಿಸಿಯಾಗಬಾರದೆಂದು ಯಂತ್ರದ ಡಬ್ಬಿಯ ಒಂದು ಬದಿಯ ತಗಡು ಬಿಚ್ಚಿ, ಅಂಗಡಿಯ ಏಕೈಕ ಫ್ಯಾನನ್ನು ಅದರತ್ತಲೇ ತಿರುಗಿಸಿದ್ದನು. ಆಗಾಗ ಮಗುವಿನ ಜ್ವರ ನೋಡುವಂತೆ ಬೆರಳಿನ ಹಿಂಬದಿ ತಾಗಿಸಿ, “ಆರಾಮ ಐತ್ರಿ” ಎನ್ನುತ್ತಿದ್ದನು. ನಮ್ಮ ಆರಾಮವನ್ನು ಎಂದೂ ವಿಚಾರಿಸಲಿಲ್ಲ.

ನನ್ನ ಮಗಳ ಲಗ್ನಪತ್ರಿಕೆ ಅಂದು ಸಂಜೆಯ ಬಸ್ಸಿಗೆ ವಿಜಾಪುರದ ಮುದ್ರಣಾಲಯಕ್ಕೆ ಹೋಗಲೇಬೇಕಿತ್ತು. ಹಿರಿಯರ ಹೆಸರುಗಳ ಕ್ರಮ ಪರಿಶೀಲಿಸಲು ಮೋರಟಗಿಯ ಬೀಗರೂ ಬಂದಿದ್ದರು. ನಿಶ್ಚಯದ ದಿನ ನಮ್ಮ ಮನೆಯಲ್ಲಿ ಎಲ್ಲರೆದುರು “ಚಾ ಆರೇತಿ” ಎಂದು ತಣ್ಣಗಾದ ಚಹಾದ ಬಟ್ಟಲು ಸರಿಸಿದವರು ಇವರೇ. ಸೆಖೆ ತಾಳದೆ ಅವರು ಫ್ಯಾನನ್ನು ತಮ್ಮತ್ತ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಪರದೆ ಸ್ತಬ್ಧವಾಯಿತು; ಟೈಪಾಗಿದ್ದ ಹೆಸರುಗಳೆಲ್ಲ ಹೋದವು.

ಅವನು ಒಳಗೆ ಬೆರಳು ತಾಗಿಸಿ ಚಟ್ಟನೆ ಹಿಂತೆಗೆದನು. ಫ್ಯಾನನ್ನು ಮತ್ತೆ ಯಂತ್ರದತ್ತ ತಿರುಗಿಸಿ, “ನಿಮ್ಮ ಕಡೆ ಟಾವೆಲ್ ಐತ್ರಿ ಕಾಕಾ, ಬೆವರ ಒರಸ್ಕೋರಿ. ಇದರ ಕಡೆ ಏನೈತಿ?” ಎಂದನು. ಬಳಿಕ ವೇಗವನ್ನು ಒಂದು ಮೆಟ್ಟಿಲು ಇಳಿಸಿ, ಯಂತ್ರ ನಿಲ್ಲದೆ ಓಡುವುದನ್ನು ಖಚಿತಪಡಿಸಿಕೊಂಡು, ಮೊದಲಿನಿಂದ ಟೈಪು ಮಾಡತೊಡಗಿದನು.

ತಮ್ಮ ಪರವಾಗಿ ನಾನು ಸಿಟ್ಟಾಗಲೆಂದು ಬೀಗರು ನನ್ನತ್ತ ನೋಡಿದರು. ಹಿಂದಿನ ದಿನ ಇದೇ ಅಂಗಡಿಯಲ್ಲಿ ಇವನಿಂದ ಇದೇ ಮಾತನ್ನು ನಾನೂ ಕೇಳಿಸಿಕೊಂಡಿದ್ದೆ; ಆ ಆರಿದ ಚಹಾದ ಮಾತನ್ನೂ ಮರೆತಿರಲಿಲ್ಲ. ಎದುರಿನ ಹೋಟೆಲಿನಿಂದ ಕುದಿಯುವ ಚಹಾ ತರಿಸಿದೆ.

“ಬಿಸಿ ಐತಿ ನೋಡ್ರಿ, ಬೀಗರ,” ಎಂದು ಮುಂದೆ ಹಿಡಿದೆ.

ಕೀಲಿಮಣೆಯಿಂದ ಕಣ್ಣೆತ್ತದೆ ಅವನೆಂದನು: “ಇಬ್ಬರೂ ಹೊರಗ ನಿಂತು ಕುಡೀರಿ. ಗಾಳಿಗೆ ಅಡ್ಡ ಆಗಾಕತ್ತೀರಿ.”

ಬಿಸಿಲಲ್ಲಿ ನಿಂತು ಕುಡಿದೆವು. ಪತ್ರಿಕೆ ಸಂಜೆಯ ಬಸ್ಸು ಹತ್ತಿತು.