ಅಕ್ಕನ ಸರದಿಯ ಪುಸ್ತಕ

ಇಂದಿರಾಪುರಂನ ನಮ್ಮ ಬಾಲ್ಕನಿಯಲ್ಲಿ ಚಳಿಗಾಲದ ಬಿಸಿಲಿಗೆ ಕೂತು ಯಾರಾದರೂ ಕಿತ್ತಳೆ ಸುಲಿದರೆ ಸಾಕು, ದೆಹಲಿಯ ಲೋಧಿ ಕಾಲೋನಿಯ ಆ ಹುಲ್ಲುಹಾಸು ಕಣ್ಣಿಗೆ ಬರುತ್ತದೆ. ಅಪ್ಪನ ಸರ್ಕಾರಿ ಕ್ವಾರ್ಟರ್ಸಿನ ಮುಂದೆ ಜಮಖಾನ ಹಾಸಿ, ತಿಂಗಳಿಗೊಂದು ಭಾನುವಾರ ನಾಲ್ಕೈದು ಕನ್ನಡದ ಮನೆಯವರು ಸೇರುತ್ತಿದ್ದರು. ಊರಿನಿಂದ ತರಿಸಿದ ಕಾದಂಬರಿಯ ಪ್ರತಿ ಒಂದೇ. ಅದು ಸರದಿಯಂತೆ ಮನೆಯಿಂದ ಮನೆಗೆ ಹೋಗಿ ಕೊನೆಗೆ ನಮ್ಮಲ್ಲಿಗೆ ಬರುತ್ತಿತ್ತು. ಆಮೇಲೆ ಎಲ್ಲರೂ ತಮಗನಿಸಿದ್ದು ಹೇಳಬೇಕು. ಪಕ್ಕದ ಮನೆಯ ಕುಲಕರ್ಣಿ ಅಂಕಲ್‌ಗೆ ಪ್ರತಿ ಕಾದಂಬರಿಯ ಕೆಟ್ಟ ಅತ್ತೆಯೂ ತಮ್ಮ ಸೆಕ್ಷನ್ ಆಫೀಸರನಂತೆಯೇ ಕಾಣುತ್ತಿದ್ದಳು. ಮೇಲಿನ ಮನೆಯ ಫಾತಿಮಾ ಆಂಟಿ ತಾವು ಅತ್ತ ಪುಟಗಳ ನಂಬರು ಹೇಳುತ್ತಿದ್ದರು. ಆದರೆ ಎಲ್ಲರೂ ಕಾಯುತ್ತಿದ್ದುದು ಅಕ್ಕನ ಮಾತಿಗೆ. ಕಾಲೇಜು ಓದುತ್ತಿದ್ದ ಅವಳು ಮೆಲ್ಲಗೆ ಶುರು ಮಾಡಿದರೆ ಕಡಲೆಕಾಯಿ ಸುಲಿಯುವ ಕೈಗಳೂ ನಿಲ್ಲುತ್ತಿದ್ದವು. ಏಳನೆಯ ತರಗತಿಯಲ್ಲಿ ಎರಡು ಸಲ ಫೇಲಾಗಿ ಶಾಲೆ ಬಿಟ್ಟಿದ್ದ ನಾನು ಚಹಾದ ಟ್ರೇ ಹಿಡಿದು ನಿಂತಿರುತ್ತಿದ್ದೆ. "ಅಚ್ಛಾ, ಚಿಕ್ಕವಳ ಚಹಾ ಫಸ್ಟ್ ಕ್ಲಾಸ್!" ಎಂದು ಅಂಕಲ್ ಹೊಗಳಿದರೆ ಅಕ್ಕ ಕೂತ ಜಾಗವನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ.

ಒಮ್ಮೆ ಬಂದದ್ದು, ಹೊಲಿಗೆ ಮಾಡಿ ಬದುಕುವ ಹೆಂಗಸೊಬ್ಬಳ ಕಥೆ. ಬಿಟ್ಟುಹೋದ ಗಂಡ ವರ್ಷಗಳ ಮೇಲೆ ಬಂದು ಬಾಗಿಲು ಬಡಿಯುತ್ತಾನೆ. ಅದರ ಮುಂದಿನದು ಕೊನೆಯ ಅಧ್ಯಾಯ. ಬೈಂಡು ಸಡಿಲವಾಗಿತ್ತು. ಅಕ್ಕ ಓದುವ ಮೊದಲೇ ಆ ಅಧ್ಯಾಯದ ಹಾಳೆಗಳನ್ನು ಎಳೆದು ನನ್ನ ಹಾಸಿಗೆಯ ಕೆಳಗಿಟ್ಟೆ. ಭಾನುವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಮತ್ತೆ ಸೇರಿಸಿಟ್ಟೆ.

"ಅವಳು ಬಾಗಿಲು ತೆಗೀತಾಳೋ ಇಲ್ವೋ ಅನ್ನೋದನ್ನ ನಮಗೇ ಬಿಟ್ಟು ಮುಗಿಸಿದ್ದಾರಲ್ಲ, ಅದೇ ಚೆಂದ," ಎಂದಳು ಅಕ್ಕ.

ಅಂಕಲ್ ಹೊಟ್ಟೆ ಹಿಡಿದು ನಕ್ಕರು. "ಅರೆ, ತೆಗೀತಾಳಲ್ಲಮ್ಮ! ಅವನಿಗೆ ಊಟ ಬಡಿಸಿ ತಾನೇ ಮನೆ ಬಿಟ್ಟು ಹೋಗ್ತಾಳೆ. ಇಷ್ಟು ದಿನ ಹೀಗೇ ಓದದೆ ಭಾಷಣ ಮಾಡ್ತಿದ್ಯಾ?"

ಎಲ್ಲರೂ ನಕ್ಕರು. ಅಕ್ಕ ಪುಸ್ತಕ ತಿರುವಿದಳು. ಸಡಿಲ ಹಾಳೆಗಳ ಮೇಲೆ ಅವಳ ಬೆರಳು ನಿಂತಿತು. ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. "ಸರಿಯಾಗಿ ಓದಿರಲಿಲ್ಲ ಅಂಕಲ್, ತಪ್ಪಾಯ್ತು," ಎಂದಳು.

ಮುಂದಿನ ತಿಂಗಳು ಅವಳು ಹೊರಗೆ ಬರಲಿಲ್ಲ. "ತಲೆನೋವು ಕಣೇ, ನನ್ನ ಜಾಗದಲ್ಲಿ ನೀನು ಕೂತ್ಕೋ ಹೋಗು," ಎಂದಳು. ಕೂತೆ. ಅಷ್ಟು ದಿನ ಬಯಸಿದ್ದ ಜಾಗ. "ಚಲೋ, ಚಿಕ್ಕವಳು ಏನಂತಾಳೆ ನೋಡೋಣ," ಎಂದರು ಅಂಕಲ್. "ಚೆನ್ನಾಗಿತ್ತು," ಎಂದೆ. ಎದ್ದು ಚಹಾದ ಟ್ರೇ ತರಲು ಒಳಗೆ ಹೋದೆ. ಅಕ್ಕ ಮತ್ತೆಂದೂ ಆ ಜಮಖಾನದ ಮೇಲೆ ಕೂರಲಿಲ್ಲ. ಕೆಲವೇ ತಿಂಗಳಲ್ಲಿ ಅದನ್ನು ಹಾಸುವುದೂ ನಿಂತಿತು.

ಆ ಕ್ವಾರ್ಟರ್ಸ್ ಈಗಿಲ್ಲ. ಹೋದ ವರ್ಷ ಘಾಜಿಯಾಬಾದಿನ ಆಸ್ಪತ್ರೆಯಲ್ಲಿ ಅಕ್ಕನ ಕೊನೆಯ ಒಂಬತ್ತು ದಿನ ಅವಳ ಹಾಸಿಗೆಯ ಪಕ್ಕ ಕೂತಿದ್ದೆ. ಇವತ್ತು ಹೇಳಿಬಿಡಬೇಕೆಂದು ದಿನವೂ ಬಾಯಿ ತೆರೆದೆ. ಅವಳು ಕಣ್ಣು ಬಿಟ್ಟು ಕಾದಳು ಕೂಡ. ದಿನವೂ ನಾನು ಕೇಳಿದ್ದು ಒಂದೇ, "ನೀರು ಬೇಕಾ ಅಕ್ಕಾ?"